ಕೊನೆಯ ಮಾತಿನ ಮುಂಚಿನ ಉಸಿರು

ಹೋದ ತಿಂಗಳು ಶಹಾಪುರದ ನಾಲ್ಕು ಜನ ಯುವಕರು ಮನೆಗೆ ಬಂದಿದ್ದರು. ಊರಲ್ಲಿ ನಾಟಕ ಆಡುವ ಹುಡುಗರು. "ಅಜ್ಜಾ, ನಟನೆ ಅಂದ್ರ ಏನಂತ ನಮಗೊಂದೀಟು ಬರ್ದು ಕೊಡ್ರಿ" ಎಂದರು. ಮೂವತ್ತೆರಡು ವರ್ಷ ಕಂಪನಿ ನಾಟಕಗಳಲ್ಲಿ ಬಣ್ಣ ಹಚ್ಚಿದವನು ನಾನು. ಯಾವ ಊರಲ್ಲಿ ಶಾಲು ಹೊದಿಸಿದರು, ಯಾವಾಗ ಮುಖ್ಯ ಪಾತ್ರ ಸಿಕ್ಕಿತು ಎಂಬುದನ್ನೆಲ್ಲ ಬರೆಯುವುದಿಲ್ಲ. ಅದರಿಂದ ಅವರಿಗೇನೂ ಆಗಬೇಕಾಗಿಲ್ಲ. ನಾನು ಕಲಿತದ್ದನ್ನು ಬರೆಯುತ್ತೇನೆ. ಕಲಿಸಿದವರಿಗೆ ನಾನು ಏನು ಮಾಡಿದೆ ಎಂಬುದನ್ನೂ ಬರೆಯುತ್ತೇನೆ. ಎರಡನೆಯದನ್ನು ಇದುವರೆಗೆ ಯಾರ ಮುಂದೆಯೂ ಪೂರ್ತಿಯಾಗಿ ಹೇಳಿಲ್ಲ. ಹೆಂಡತಿಗೂ ಹೇಳಲಿಲ್ಲ, ಈಗ ಹೇಳೋಣವೆಂದರೆ ಆಕೆಯೇ ಇಲ್ಲ.

ನಮ್ಮದು ಕುರಿ ಕಾಯುವ ಮನೆತನ. ಆದರೂ ನಮ್ಮಪ್ಪ ನಿಂಗಪ್ಪ ನನ್ನನ್ನು ಹೈಸ್ಕೂಲಿನ ತನಕ ಓದಿಸಿದ. ಆಗ ನಿಜಾಮರ ಆಳ್ವಿಕೆ. ಶಾಲೆಯಲ್ಲಿ ಲೆಕ್ಕ, ಚರಿತ್ರೆ ಎಲ್ಲವೂ ಉರ್ದುವಿನಲ್ಲಿ. ಮನೆಯಲ್ಲಿ ಆಡುವುದು ಕನ್ನಡ, ಬರೆಯುವುದು ಉರ್ದು. ಹೈಸ್ಕೂಲು ಮುಗಿಸಿದ ಮೇಲೂ ನನಗೆ ಕನ್ನಡ ಅಕ್ಷರ ಬರುತ್ತಿರಲಿಲ್ಲ. ಈ ಮಾತನ್ನು ಓದುವವರು ನೆನಪಿನಲ್ಲಿಡಬೇಕು.

ಪೊಲೀಸ್ ಆಕ್ಷನ್ ಆಗಿ ನಿಜಾಮರ ರಾಜ್ಯ ಹೋದ ಮರುವರ್ಷ ನಾನು ಶರಣಪ್ಪ ಮಾಲೀಕರ ನಾಟಕ ಕಂಪನಿ ಸೇರಿದೆ. ನನಗಾಗ ಹತ್ತೊಂಬತ್ತು. ಹಳ್ಳಿಗಳಲ್ಲಿ ಹಿಂದೂ ಮುಸಲ್ಮಾನ ಎರಡೂ ಕಡೆಯ ಜನರಿಗೆ ಇನ್ನೂ ಹೆದರಿಕೆ ಆರಿರಲಿಲ್ಲ. ಗೊತ್ತಿಲ್ಲದವರ ಬಾಗಿಲು ಬಡಿಯಲು ಯಾರಿಗೂ ಧೈರ್ಯವಿರಲಿಲ್ಲ. ಅಂಥ ದಿನಗಳಲ್ಲಿ ಕನ್ನಡ ನಾಟಕ ಎಂದರೆ ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರು.

ಕಂಪನಿಯಲ್ಲಿ ಪಾರ್ಟು ಕಲಿಸುವವರು ಮೌಲಾಸಾಬರು. ಕೆಂಭಾವಿಯವರು, ನನಗಿಂತ ಇಪ್ಪತ್ತೈದು ವರ್ಷಕ್ಕೆ ದೊಡ್ಡವರು. ಆಟದ ಹೊತ್ತಿನಲ್ಲಿ ಪಕ್ಕದ ಪರದೆಯ ಮರೆಯಲ್ಲಿ ನಿಂತು ಮಾತು ಮರೆತವರಿಗೆ ಎತ್ತಿಕೊಡುವವರೂ ಅವರೇ. ನಮ್ಮಲ್ಲಿ ಬಹಳ ಜನ ನನ್ನ ಹಾಗೆ ಉರ್ದು ಶಾಲೆಯವರು. ಅದಕ್ಕೆ ಅವರು ಒಬ್ಬೊಬ್ಬರ ಕನ್ನಡ ಮಾತನ್ನು ಉರ್ದು ಅಕ್ಷರದಲ್ಲಿ, ಬಲದಿಂದ ಎಡಕ್ಕೆ, ಬೇರೆ ಬೇರೆ ಹಾಳೆಯಲ್ಲಿ ಬರೆದುಕೊಡುತ್ತಿದ್ದರು. ಎಲ್ಲಿ ಉಸಿರು ತೆಗೆದುಕೊಳ್ಳಬೇಕೋ ಅಲ್ಲಿ ಕೆಂಪು ಪೆನ್ಸಿಲಿನ ಗೀಟು ಎಳೆದಿರುತ್ತಿದ್ದರು. ನನ್ನ ಹಾಳೆಯಲ್ಲಿ ಆ ಗೀಟು ಯಾವಾಗಲೂ ಮಾತಿನ ಕೊನೆಯ ಶಬ್ದಕ್ಕಿಂತ ಮುಂಚೆ ಇರುತ್ತಿತ್ತು.

"ಚಾಚಾ, ಮಾತು ಮುಗದ ಮ್ಯಾಲ ಉಸರು ತಗೋಬೇಕಲ್ರಿ?" ಎಂದು ಕೇಳಿದೆ.

"ಮುಗದ ಮ್ಯಾಲ ನೀ ಉಸರು ತಗೊಂಡ್ರ ಜನಾನೂ ತಗೋತಾರ, ಬೀಡಿ ಹಚ್ಚತಾರ. ಕಡೀ ಶಬ್ದದ ಮುಂದ ತಗೋ. ಅದು ಬರೂತನ ಅವ್ರ ಉಸರು ನಿನ್ನ ಕೈಯಾಗ ಇರ್ತದ."

ನಾಟಕದಲ್ಲಿ ನಾನು ವಿಜಯಕೇತು ಎಂಬ ರಾಜ. ನಂಬಿಕೆಯ ಮಂತ್ರಿಯನ್ನು ಚಾಡಿ ಕೇಳಿ ಗಡೀಪಾರು ಮಾಡುವವನು. 'ಮಂತ್ರಿ, ನನ್ನ ರಾಜ್ಯದಲ್ಲಿ ಇನ್ನು ನಿನಗೆ' ಎಂದು ಉಸಿರು ತೆಗೆದುಕೊಂಡು 'ಜಾಗವಿಲ್ಲ' ಎನ್ನಬೇಕು. ಇದನ್ನು ಕಲಿಯಲು ಒಂದು ತಿಂಗಳು ಬೇಕಾಯಿತು. ಕಲಿತ ಮೇಲೆ ಬಿಡಲು ಬರಲಿಲ್ಲ. ಮನೆಯಲ್ಲಿ ರೊಟ್ಟಿ ಕೇಳುವಾಗಲೂ ಹಾಗೆಯೇ ಉಸಿರಾಡುತ್ತಿದ್ದೆ. ಇವತ್ತಿಗೂ.

ರಾಜನ ನಡಿಗೆ ನನಗೆ ಬರುತ್ತಿರಲಿಲ್ಲ. ಎದೆ ಸೆಟೆಸಿಕೊಂಡು ನಡೆದರೆ ಮೌಲಾಸಾಬರು ನಗುತ್ತಿದ್ದರು. "ಪೊಲೀಸಪ್ಪ ಆದಿ, ರಾಜಾ ಆಗಲಿಲ್ಲ. ಲೇ ಮಲ್ಲ್ಯಾ, ನಿಮ್ಮ ಹಿಂಡಿನ ಮುಂದ ಟಗರು ಹ್ಯಾಂಗ ಹೋಗ್ತದ? ಹಿಂದ ಹೊಳ್ಳಿ ನೋಡ್ತದನು?" ನೋಡುವುದಿಲ್ಲ. ಹಿಂದೆ ಹಿಂಡು ಇದ್ದೇ ಇದೆ ಎಂದು ಅದಕ್ಕೆ ಗೊತ್ತು. ಅವತ್ತಿನಿಂದ ನಾನು ಟಗರಿನ ನಡಿಗೆ ನಡೆದೆ. ಜನ 'ಅರಸೊತ್ತಿಗೆಯ ಗತ್ತು' ಎಂದು ಹೊಗಳಿದರು. ಗುಟ್ಟು ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು.

ಯಾದಗಿರಿಯಲ್ಲಿ ಸ್ಟೇಷನ್ನಿನ ಹತ್ತಿರ ತಗಡಿನ ಥಿಯೇಟರು ಹಾಕಿದ್ದೆವು. ಒಂದು ದಿನ ನಾನು 'ಇನ್ನು ನಿನಗೆ' ಎಂದು ಉಸಿರೆಳೆದುಕೊಳ್ಳುವುದಕ್ಕೂ ಮದ್ರಾಸಿನ ಕಡೆಯ ಮೇಲ್ ಗಾಡಿ ಕೂಗುವುದಕ್ಕೂ ಸರಿಹೋಯಿತು. ಉಸಿರು ಹಿಡಿದು ನಿಂತೆ. ಡಬ್ಬಿಗಳು ಮುಗಿಯಲೊಲ್ಲವು. ಕೊನೆಗೆ 'ಜಾಗವಿಲ್ಲ' ಎಂದಾಗ ಕೋಳಿಮರಿಯ ದನಿ ಹೊರಟಿತು. "ಅದು ಹೋಗ್ಲಿ, ರೈಲಿನ್ಯಾಗರ ಜಾಗ ಅದನೋ ಇಲ್ಲೋ?" ಎಂದು ಜನರ ನಡುವಿನಿಂದ ಒಬ್ಬ ಕೇಳಿದ. ಮಂತ್ರಿಯೇ ನಕ್ಕುಬಿಟ್ಟ.

ನಾನು ಅಳುವಂತಾಗಿದ್ದೆ. ಮೌಲಾಸಾಬರು, "ರೈಲಿನ ಕೂಡ ಜಿದ್ದಿಗೆ ಬೀಳಬ್ಯಾಡ. ಜನ ಕೇಳಿದ್ದನ್ನ ರಾಜಾನೂ ಕೇಳಬೇಕು" ಎಂದರು. ಮರುದಿನ ಗಾಡಿ ಬಂದಾಗ ನಾನು ಮೆಲ್ಲಗೆ ಆ ಕಡೆ ಮುಖ ತಿರುಗಿಸಿ, ದೂರದಲ್ಲಿ ವೈರಿಯ ದಂಡು ಬರುತ್ತಿದೆ ಎನ್ನುವಂತೆ ಆಲಿಸಿದೆ. ತಗಡಿನ ಶೆಡ್ಡೆಲ್ಲ ಆಲಿಸಿತು. ಗಾಡಿ ಹೋದ ಮೇಲೆ 'ಜಾಗವಿಲ್ಲ' ಎಂದೆ. ಒಬ್ಬರೂ ನಗಲಿಲ್ಲ.

ಈಗ ನೆಲದ ವಿಷಯ. ನಮ್ಮ ಕಂಪನಿಯಲ್ಲಿ ಮೌಲಾಸಾಬರು ಹಾಕಿದ್ದ ಒಂದು ಪದ್ಧತಿ ಇತ್ತು. ಆಟ ಮುಗಿದ ಮೇಲೆ ಬಣ್ಣ ಒರೆಸುವ ಮೊದಲು ಪಾತ್ರಧಾರಿ ರಂಗದ ಹಲಗೆಯಿಂದಿಳಿದು ಬರಿಗಾಲಲ್ಲಿ ಮಣ್ಣಿನ ಮೇಲೆ ನಿಲ್ಲಬೇಕು. ಅಲ್ಲಿಯತನಕ ಅವನ ಜೊತೆ ಯಾರೂ ಮಾತಾಡುವಂತಿಲ್ಲ. ಮೌಲಾಸಾಬರು ತಂಬಿಗೆ ಹಿಡಿದು ಎದುರು ನಿಂತು ಕೇಳುತ್ತಿದ್ದರು.

"ಯಾರ ಮಗಾ ನೀ?"

"ನಿಂಗಪ್ಪನ ಮಗ ಮಲ್ಲಪ್ಪ ರೀ."

"ಏನ್ ಮಾಡ್ತಿ?"

"ಕುರಿ ಕಾಯ್ತೀನ್ರಿ."

ಆಮೇಲೆ ಕಾಲಿಗೆ ನೀರು ಸುರಿಯುತ್ತಿದ್ದರು. "ಇಳದ್ಯಾ?" "ಇಳದ್ನಿರಿ." ಇಷ್ಟೇ. ಹೊಸದರಲ್ಲಿ ನನಗಿದು ಮಕ್ಕಳಾಟ ಅನಿಸಿತ್ತು. ಒಮ್ಮೆ ಮಳೆ ಬಂದು ಆಟ ನಿಂತು, ನೆಲ ಮುಟ್ಟದೆ ಹಾಗೆಯೇ ಊರಿಗೆ ಓಡಿದೆ. ಮನೆ ಹೊಕ್ಕವನು "ಯಾರಲ್ಲಿ? ನೀರು ತನ್ನಿ" ಎಂದೆನಂತೆ. ಹೆಂಡತಿ ದೇವಕ್ಕ ಒಲೆಯ ಮುಂದಿನಿಂದ ಏಳಲಿಲ್ಲ. "ಇಲ್ಲಿ ಯಾರೂ ಇಲ್ರಿ ಮಹಾರಾಜ್ರ, ನಾ ಒಬ್ಬಾಕಿ ಅದೀನಿ. ಗಡಿಗಿ ಮೂಲ್ಯಾಗ ಅದ, ಕಿರೀಟ ತಗದಿಟ್ಟು ತುಂಬ್ಕೊಂಡು ಕುಡೀರಿ" ಎಂದಳು. ನಾವಿಬ್ಬರೂ ಬಹಳ ನಕ್ಕೆವು. ಎಲ್ಲ ಸಲವೂ ಅದು ನಗುವ ವಿಷಯವಾಗಿರುವುದಿಲ್ಲ ಎಂದು ಆಗ ಗೊತ್ತಿರಲಿಲ್ಲ.

ಏಳೆಂಟು ವರ್ಷ ಕಳೆಯಿತು. ಕನ್ನಡದ ಸೀಮೆಗಳೆಲ್ಲ ಒಂದೇ ರಾಜ್ಯವಾಗುವ ಸುದ್ದಿ ನಿಜವಾಯಿತು. ಆ ಸಂತೋಷಕ್ಕೆ ಯಾದಗಿರಿಯಲ್ಲಿ ಆಟ ಆಡಬೇಕೆಂದು ನಮಗೆ ಕರೆ ಬಂತು. ಮಾಲೀಕರು ಹುಬ್ಬಳ್ಳಿಯ ಕಡೆಯಿಂದ ಒಬ್ಬ ಬರಹಗಾರರನ್ನು ಕರೆಸಿ ಅದೇ ನಾಟಕವನ್ನು ಗ್ರಂಥದ ಕನ್ನಡದಲ್ಲಿ ಹೊಸದಾಗಿ ಬರೆಸಿದರು. ಹಾಳೆಗಳು ಕನ್ನಡ ಅಕ್ಷರದಲ್ಲಿ ಬಂದವು. ಹಿರಿಯ ನಟರು ಕೆಲವರು ಬಿಟ್ಟುಹೋದರು, ಕೆಲವರು ಮಕ್ಕಳ ಅಂಕಲಿಪಿ ಹಿಡಿದು ಕುಳಿತರು. ಆ ಹೊತ್ತಿಗೆ ನಾನು ಹೆಸರಾದ ನಟ. ಪೋಸ್ಟರಿನಲ್ಲಿ ನನ್ನ ಹೆಸರು ದಪ್ಪ ಅಕ್ಷರದಲ್ಲಿ ಇರುತ್ತಿತ್ತು. ಅದು ನನ್ನದೇ ಹೆಸರೆಂದು ನನಗೆ ಬೇರೆಯವರು ಹೇಳಬೇಕಾಗಿತ್ತು. ಅಂಕಲಿಪಿ ಹಿಡಿಯಲು ನಾಚಿಕೆಯಾಗಿ, ಓದಲು ಬರುವವನಂತೆ ಇದ್ದುಬಿಟ್ಟೆ.

ಮೌಲಾಸಾಬರಿಗೆ ಎರಡೂ ಅಕ್ಷರ ಚೆನ್ನಾಗಿ ಬರುತ್ತಿದ್ದವು. ಹರೆಯದಲ್ಲಿ ತಾವೇ ಕಲಿತುಕೊಂಡದ್ದು, ಕಂಪನಿಯಲ್ಲಿ ಅದು ನನ್ನೊಬ್ಬನಿಗೇ ಗೊತ್ತಿತ್ತು. ಒಂದು ಮಧ್ಯಾಹ್ನ ಅವರನ್ನು ಪರದೆಯ ಹಿಂದಕ್ಕೆ ಕರೆದು, "ಚಾಚಾ, ನನ್ನ ಪಾರ್ಟು ಹಳೀ ಅಕ್ಷರದಾಗ ಬರ್ದು ಕೊಡ್ರಿ. ಯಾರಿಗೂ ಹೇಳಬ್ಯಾಡ್ರಿ" ಎಂದೆ. ಅವರು ಎರಡೇ ದಿನದಲ್ಲಿ ಹದಿನಾಲ್ಕು ಹಾಳೆ ಬರೆದುಕೊಟ್ಟರು, ಕೆಂಪು ಗೀಟು ಸಮೇತ.

ಆಟಕ್ಕೆ ನಾಲ್ಕು ದಿನ ಇರುವಾಗ ತಾಲೀಮಿನ ಜಮಖಾನೆಯ ಮೇಲೆ ಆ ಹಾಳೆಯೊಂದು ಮಾಲೀಕರ ಕೈಗೆ ಸಿಕ್ಕಿತು. "ಇದೇನಿದು? ಇನ್ನೂ ಉರ್ದು ನಡಸೀರೇನು? ಮುಂದಿನ ಸಾಲಿನ್ಯಾಗ ಸರಕಾರದ ಸಾಹೇಬ್ರು ಕೂಡ್ತಾರ, ಗೊತ್ತದನು?" ಎಂದು ಕೂಗಿದರು. ಬರಹ ಮೌಲಾಸಾಬರದೆಂದು ಎಲ್ಲರಿಗೂ ಗೊತ್ತಿತ್ತು. ಅದನ್ನು ಯಾರಿಗಾಗಿ ಬರೆದದ್ದು ಎಂದು ಇಬ್ಬರಿಗೆ ಮಾತ್ರ ಗೊತ್ತಿತ್ತು. ಹೊಸ ಬರಹಗಾರರು ಸಾವಕಾಶವಾಗಿ ಕೇಳಿದರು: "ಇವರಿಗೆ ಕನ್ನಡ ಓದಲಿಕ್ಕೆ ಬರೂದಿಲ್ಲೇನು?"

ಮೌಲಾಸಾಬರು ನನ್ನ ಕಡೆ ನೋಡಿದರು.

ಮಾಲೀಕರು ನನ್ನ ಕಡೆ ತಿರುಗಿ, "ಮಲ್ಲಪ್ಪಾ, ನೀ ಇಂವನ ಶಿಷ್ಯಾ. ನೀನ ಹೇಳು. ಇಂವಗ ಕನ್ನಡ ಓದಾಕ ಬರ್ತದೋ ಇಲ್ಲೋ?" ಎಂದರು.

ನಾನು ಜಮಖಾನೆಯ ಅಂಚು ನೋಡುತ್ತ, "ಬರಂಗಿಲ್ಲೇನೋ ರೀ" ಎಂದೆ.

ಆ ಕ್ಷಣ ಮೌಲಾಸಾಬರು ಎದುರಿಗಿದ್ದ ಕನ್ನಡದ ಪ್ರತಿ ಎತ್ತಿಕೊಂಡು ನಾಲ್ಕು ಸಾಲು ಓದಿದ್ದರೆ ಮುಗಿದುಹೋಗುತ್ತಿತ್ತು. ಓದಿದ್ದರೆ, ಹಾಗಾದರೆ ಈ ಹಾಳೆ ಯಾರದು ಎಂಬ ಪ್ರಶ್ನೆ ಬರುತ್ತಿತ್ತು. ಅವರು ಪ್ರತಿಯನ್ನು ಮುಟ್ಟಲಿಲ್ಲ. "ಈ ಆಟ ಒಂದು ಮುಗೀಲಿ. ಆಮ್ಯಾಲ ನಿನ್ನ ವಿಚಾರ ನೋಡೂಣು" ಎಂದು ಮಾಲೀಕರು ಎದ್ದುಹೋದರು. ಮೌಲಾಸಾಬರು ಹಾಳೆಯನ್ನು ಮಡಚಿ ನನ್ನ ಪೆಟ್ಟಿಗೆಯ ಮೇಲಿಟ್ಟರು. "ಮೂರನೇ ಅಂಕದಾಗ ಗೀಟು ಒಂದು ಬಿಟ್ಟಿತ್ತು, ಹಾಕೀನಿ" ಎಂದರು. ಬೈದಿದ್ದರೆ ಚೆನ್ನಾಗಿತ್ತು ಎಂದು ಈಗ ಅನಿಸುತ್ತದೆ.

ಆ ಆಟಕ್ಕೆ ಮೊದಲ ಬಾರಿ ಮೈಕು ಬಂದಿತ್ತು. ಅದಕ್ಕೆ ಮೊದಲು ನಾವು ಹೊಟ್ಟೆಯಿಂದ ದನಿ ಎಸೆದು ಕೊನೆಯ ಸಾಲಿಗೆ ಮುಟ್ಟಿಸುತ್ತಿದ್ದೆವು. ಮರೆಯಲ್ಲಿ ನಿಂತು ಮಾತು ಎತ್ತಿಕೊಡುವವರ ಪಿಸುದನಿ ನಮಗೆ ಮಾತ್ರ ಕೇಳುತ್ತಿತ್ತು. ನೆತ್ತಿಯ ಮೇಲೆ ತೂಗುಬಿಟ್ಟ ಆ ಕಬ್ಬಿಣದ ಹೂವು ಎಲ್ಲರ ದನಿಯನ್ನೂ ಹಿಡಿಯುತ್ತದೆ ಎಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಗಡೀಪಾರಿನ ದೃಶ್ಯ ಬಂತು. ಹೊಸ ಕನ್ನಡದ ಉದ್ದನೆಯ ಮಾತಿನ ನಡುವೆ ನಾನು ಮರೆತೆ. ಮೌಲಾಸಾಬರು ಮರೆಯಿಂದ ಎತ್ತಿಕೊಟ್ಟರು. ಅದು ಮೈಕಿನಲ್ಲಿ ಹೋಗಿ ಇಡೀ ಮೈದಾನಕ್ಕೆ ಕೇಳಿತು. ಎರಡನೆಯ ಸಲವೂ ಹಾಗೆಯೇ ಆಯಿತು. ಜನರಲ್ಲಿ ನಗು ಎದ್ದಿತು. "ಒಳಗಿನ ಸಾಬಗ ಕಿರೀಟ ಇಡ್ರೋ, ಅಂವಗ ಛಲೋ ಬರ್ತದ!" ಎಂದು ಯಾರೋ ಕೂಗಿದರು. ಮುಂದಿನ ಸಾಲಿನ ಸಾಹೇಬರುಗಳೂ ನಕ್ಕರು.

ನಾನು ಆಗ ನಿಂಗಪ್ಪನ ಮಗನಾಗಿರಲಿಲ್ಲ. ಹಾಗೆಂದು ತಪ್ಪಿಸಿಕೊಳ್ಳುವುದೂ ಸುಳ್ಳೇ. ರಾಜನಿಗೆ ಆ ಸಿಟ್ಟು ಬರಲು ಕಾರಣವಿರಲಿಲ್ಲ, ಮಲ್ಲಪ್ಪನಿಗೆ ಇತ್ತು. ನಾನು ಮೆಲ್ಲಗೆ, ಟಗರಿನ ಹಾಗೆ, ಆ ಪರದೆಯ ಕಡೆ ನಡೆದೆ. ಮರೆಯಲ್ಲಿದ್ದ ಅವರ ಮುಖ ನನಗೆ ಕಾಣುತ್ತಿತ್ತು. ಕೈ ಚಾಚಿ ಹೇಳಿದೆ: "ಯಾರದು, ಮರೆಯಲ್ಲಿ ನಿಂತು ನಮ್ಮ ಕನ್ನಡವನ್ನು ತೊದಲುವವನು? ಈ ನೆಲದಲ್ಲಿ ಇನ್ನು ನಿನಗೆ," ಉಸಿರು ತೆಗೆದುಕೊಂಡೆ, "ಜಾಗವಿಲ್ಲ!"

ಮೈದಾನ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅಷ್ಟು ದೊಡ್ಡ ಚಪ್ಪಾಳೆ ನನಗೆ ಮೊದಲೂ ಬಿದ್ದಿರಲಿಲ್ಲ, ಆಮೇಲೂ ಬೀಳಲಿಲ್ಲ. ಮೌಲಾಸಾಬರು ಕೈಯಲ್ಲಿದ್ದ ಪ್ರತಿಯನ್ನು ನಿಧಾನವಾಗಿ ಮುಚ್ಚಿದರು. ಅದು ಹೊಸ ಪ್ರತಿ, ಕನ್ನಡ ಅಕ್ಷರದ್ದು. ನನ್ನ ಅಂಗಿಯ ಒಳಜೇಬಿನಲ್ಲಿ ಅವರು ಬರೆದುಕೊಟ್ಟ ಉರ್ದು ಹಾಳೆಗಳಿದ್ದವು.

ಆಟ ಮುಗಿದ ಮೇಲೆ ಹಾರ ಹಾಕಲು ಕರೆದರು. ಬಣ್ಣದಲ್ಲೇ ಹೋದೆ. ನೆಲ ಮುಟ್ಟಲಿಲ್ಲ. ಮೆಟ್ಟಿಲ ಬುಡದಲ್ಲಿ ತಂಬಿಗೆ ಇತ್ತು, ಅದರ ಪಕ್ಕದಲ್ಲಿ ಅವರು ನಿಂತಿದ್ದರು. ನಾನು ಇನ್ನೊಂದು ಬದಿಯಿಂದ ಇಳಿದೆ. ಬೆಳಿಗ್ಗೆ ನೋಡಿದರೆ ಅವರ ಟ್ರಂಕು ಇರಲಿಲ್ಲ.

ಮಾಲೀಕರಿಗೆ ಆ ಮಾತು ಬಹಳ ಹಿಡಿಸಿತ್ತು. "ಖಾಯಂ ಇಟ್ಟುಬಿಡು" ಎಂದರು. ಇಟ್ಟೆ. ಇದು ನನ್ನ ತಪ್ಪಿನ ದೊಡ್ಡ ಭಾಗ. ಒಮ್ಮೆ ಆಡಿದ್ದನ್ನು ಸಿಟ್ಟಿನಲ್ಲಿ ಆಡಿದೆ ಎನ್ನಬಹುದು. ಶಹಾಪುರ, ಸುರಪುರ, ರಾಯಚೂರು, ಎಲ್ಲೆಲ್ಲಿ ಆಟ ಹೂಡಿದೆವೋ ಅಲ್ಲೆಲ್ಲ ಖಾಲಿ ಪರದೆಯ ಕಡೆ ಕೈ ಚಾಚಿ ಅದನ್ನೇ ಆಡಿದೆ, ಚಪ್ಪಾಳೆ ತೆಗೆದುಕೊಂಡೆ. ಸುರಪುರದಲ್ಲಿ ಒಮ್ಮೆ ಆ ಮಾತು ಮುಗಿಯುತ್ತಲೇ ಹಿಂದಿನ ಸಾಲಿನಿಂದ ಒಂದು ಕುಟುಂಬ ಸದ್ದಿಲ್ಲದೆ ಎದ್ದುಹೋಯಿತು. ಗಂಡ, ಬುರ್ಖಾದ ಹೆಂಡತಿ, ಎರಡು ಮಕ್ಕಳು. ಮರುದಿನ ನಾನು ಆ ಮಾತು ಬಿಟ್ಟೆ. ಜನ ಕೂಗಿ ಕೇಳಿದರು. ಮೂರನೆಯ ದಿನ ಮತ್ತೆ ಆಡಿದೆ.

ನೆಲ ಮುಟ್ಟುವ ಪದ್ಧತಿ ಅವರೊಂದಿಗೇ ನಿಂತುಹೋಯಿತು. ಕೇಳುವವರಿಲ್ಲದೆ ಯಾರಿಗೆ ಉತ್ತರ ಕೊಡುವುದು? ನಾನು ಒಬ್ಬನೇ ಮಣ್ಣಿನ ಮೇಲೆ ನಿಂತು ಕಾಲಿಗೆ ನೀರು ಹಾಕಿಕೊಂಡು ನೋಡಿದೆ. ಕಾಲು ಒದ್ದೆಯಾಯಿತು, ಅಷ್ಟೆ. ಮನೆಯಲ್ಲಿ ದೇವಕ್ಕ ತಮಾಷೆ ಮಾಡುವುದನ್ನು ಬಿಟ್ಟಳು. ನಾನು ಮಾತಾಡುವಾಗ ಪಾತ್ರ ಯಾವುದು, ಗಂಡ ಯಾವುದು ಎಂದು ತಿಳಿಯುವುದಿಲ್ಲ ಎಂದು ತವರಿನಲ್ಲಿ ಹೇಳಿದಳಂತೆ. ಕನ್ನಡ ಅಕ್ಷರವನ್ನು ಮಗಳ ಅಂಕಲಿಪಿಯಲ್ಲಿ ಕಲಿತೆ. ಮೂರು ತಿಂಗಳೂ ಹಿಡಿಯಲಿಲ್ಲ. ಇಷ್ಟು ಸಣ್ಣ ಕೆಲಸಕ್ಕೆ ನಾನು ಅಷ್ಟು ದೊಡ್ಡ ಸುಳ್ಳು ಹೇಳಿದ್ದೆ.

ಇಪ್ಪತ್ತು ವರ್ಷದ ಮೇಲೆ ಕಂಪನಿ ಕೆಂಭಾವಿಗೆ ಹೋಯಿತು. ಮೌಲಾಸಾಬರು ಇದ್ದಾರೆ, ಕಣ್ಣು ಹೋಗಿವೆ, ಮಗಳ ಮನೆಯಲ್ಲಿದ್ದಾರೆ ಎಂದು ತಿಳಿಯಿತು. ಮಧ್ಯಾಹ್ನದ ಬಿಸಿಲಲ್ಲಿ ಹುಡುಕಿಕೊಂಡು ಹೋದೆ. ಅಂಗಳದ ಬೇವಿನ ನೆರಳಲ್ಲಿ ಹೊರಸಿನ ಮೇಲೆ ಕುಳಿತು ತೊಗರಿಯಲ್ಲಿನ ಹರಳು ಬೆರಳಿನಿಂದಲೇ ಹುಡುಕಿ ತೆಗೆಯುತ್ತಿದ್ದರು. ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ನಿಂತೆ. ಹೇಳಬೇಕಾದ್ದನ್ನು ಹಾದಿಯುದ್ದಕ್ಕೂ ಪಾಠ ಮಾಡಿಕೊಂಡು ಬಂದಿದ್ದೆ.

"ಯಾರದು?" ಎಂದರು.

ನನ್ನ ಬಾಯಿಂದ ಮುದುಕ ರೈತನ ದನಿ ಬಂತು. ನಾನೇ ಕಟ್ಟಿದ ದನಿ, ಒಳ್ಳೆಯ ದನಿ. "ಹಾದಿಹೋಕ ರೀ ಯಪ್ಪಾ, ವಡಗೇರಾದ ಕಡಿಯಾಂವ. ಕುಡಿಯಾಕ ಒಂದೀಟು ನೀರು, ಕೊಡ್ರಿ."

ಅವರ ಬೆರಳು ತೊಗರಿಯಲ್ಲಿ ನಿಂತಿತು. "ಹುಸೇನಬೀ, ನೀರು ತಾ ಬೇಟಾ" ಎಂದರು. ಮಗಳು ತಂಬಿಗೆ ತಂದುಕೊಟ್ಟಳು. ನಾನು ಕುಡಿಯುತ್ತಿರುವಾಗ ಕೇಳಿದರು: "ಯಾರ ಮಗಾ ನೀ?"

ಉತ್ತರ ನಾಲಿಗೆಯ ಮೇಲೇ ಇತ್ತು. "ಬಸಪ್ಪನ ಮಗ ಭೀಮರಾಯ ರೀ" ಎಂದೆ.

"ಏನ್ ಮಾಡ್ತಿ?"

"ಹೊಲಾ ಮಾಡ್ತೀನ್ರಿ."

ಅವರ ಬೆರಳು ಮತ್ತೆ ತೊಗರಿಯಲ್ಲಿ ಆಡತೊಡಗಿತು. ಆಮೇಲೆ, "ಉಳದ ನೀರು ಕಾಲಿಗೆ ಹಾಕ್ಕೋ ತಮ್ಮಾ. ನೆಲಾ ಕಾದದ" ಎಂದರು. ಹಾಕಿಕೊಂಡೆ. ತಂಬಿಗೆ ಇಟ್ಟು ಹೊರಟುಬಂದೆ. ಇನ್ನೊಂದು ದಿನ ಸಮಾಧಾನದಿಂದ ಬಂದು ಹೇಳಿದರಾಯಿತು ಎಂದುಕೊಂಡೆ. ಮುಂದಿನ ಕ್ಯಾಂಪು, ಅದರ ಮುಂದಿನ ಕ್ಯಾಂಪು ಎನ್ನುತ್ತ ಒಂದು ವರ್ಷ ಹೋಯಿತು.

ನಟರಾಗುವ ಯುವಕರೇ, ನನ್ನಲ್ಲಿರುವ ವಿದ್ಯೆ ಇಷ್ಟೇ. ಟಗರನ್ನು ನೋಡಿ. ರೈಲು ಬಂದರೆ ಕೇಳಿ. ಕೊನೆಯ ಶಬ್ದದ ಮುಂಚೆ ಉಸಿರು ತೆಗೆದುಕೊಳ್ಳಿ. ನಿಮ್ಮನ್ನು 'ಯಾರ ಮಗಾ' ಎಂದು ಕೇಳುವ ಒಬ್ಬ ಮನುಷ್ಯನನ್ನು ಹತ್ತಿರ ಇಟ್ಟುಕೊಳ್ಳಿ. ಅಂಥವರು ಹೋದ ಮೇಲೆ ಆ ಪ್ರಶ್ನೆಯನ್ನು ಬೇರೆ ಯಾರೂ ಕೇಳುವುದಿಲ್ಲ. ಈ ಮನೆಯಲ್ಲಿ ಈಗ ನನ್ನ ಜೊತೆ ಮಾತಾಡುವುದು ರೇಡಿಯೋ ಒಂದೇ. ಅದಕ್ಕೆ ನಾನು ಯಾರಾದರೂ ನಡೆಯುತ್ತದೆ.

ಆ ನೀರು ಕುಡಿದು ಬಂದ ಒಂದು ವರ್ಷದ ಮೇಲೆ ಮತ್ತೆ ಕೆಂಭಾವಿಗೆ ಹೋದಾಗ ಬೇವಿನ ಕೆಳಗೆ ಹೊರಸಿರಲಿಲ್ಲ. ಹುಸೇನಬಿ ಅಂಗಳ ಗುಡಿಸುತ್ತಿದ್ದಳು. ನನ್ನನ್ನು ನೋಡಿ ಕಸಬರಿಗೆ ಕೆಳಗಿಟ್ಟಳು.

"ನೀವ ಅಲ್ರೀ, ಅವತ್ತ ಬಂದು ನೀರು ಕುಡದಾಂವ್ರು?"

ಹೌದೆಂದೆ.

"ಅಬ್ಬಾ ತೀರ್ಕೊಂಡು ನಾಕು ತಿಂಗಳಾತ್ರಿ. ಅವತ್ತ ನೀವು ಹ್ವಾದ ಮ್ಯಾಲ ಅಂದ್ರು, 'ಉಸರು ನಮ್ಮ ಮಲ್ಲ್ಯಾಂದು, ಹೆಸರು ಯಾರದೋ ಹೇಳಿದ. ಇನ್ನೂ ಇಳದಿಲ್ಲ ಅಂವ. ಬರ್ತಾನ ತಗೋ.' ಆಮ್ಯಾಲ ದಿನಾ ಮಧ್ಯಾನ ಬಾಜೂಕ ಒಂದು ತಂಬಿಗಿ ನೀರು ಇಟ್ಕೊಂಡು ಕೂಡಾವ್ರು. ಸಂಜೀ ಮುಂದ ನಾನ ಗಿಡಕ್ಕ ಹಾಕ್ತಿದ್ನಿ."

ನಾನು ಚಪ್ಪಲಿ ಬಿಟ್ಟು ಅಂಗಳದ ಮಣ್ಣಿನ ಮೇಲೆ ನಿಂತೆ. ಯಾವ ದನಿಯನ್ನೂ ಕಟ್ಟಲಿಲ್ಲ. "ನಿಂಗಪ್ಪನ ಮಗ ಮಲ್ಲಪ್ಪ ರೀ. ಕುರಿ ಕಾಯ್ತೀನ್ರಿ. ಅವ್ರಿಗಿ ಕನ್ನಡ ಓದಾಕ ಬರ್ತಿತ್ತು. ನನಗ ಬರ್ತಿದ್ದಿಲ್ಲ" ಎಂದೆ.

"ಅದು ನಂಗ ಹೇಳಿದ್ರ ಏನಾಗ್ತದ್ರಿ ಅಣ್ಣಾ" ಎಂದಳು. ಕಸಬರಿಗೆ ಎತ್ತಿಕೊಂಡು, ನಾನು ನಿಂತ ಜಾಗವೊಂದನ್ನು ಬಿಟ್ಟು, ಉಳಿದ ಅಂಗಳ ಗುಡಿಸತೊಡಗಿದಳು.